ಮೂಗಿಗಿಂತ ಮೂಗುತಿ ಭಾರ: ಬುಲ್ ಬಾರ್ ಮತ್ತು ಪಿಕಪ್ ವಾಹನದ ಸ್ಪ್ರಿಂಗುಗಳ ಚರಿತ್ರೆ

ಪಿಕಪ್ ವಾಹನದ ಮೂತಿಯಲ್ಲಿರುವ ಹಗುರವಾದ ಬಂಪರನ್ನು ಕಳಚಿ, ಅದರ ಜಾಗದಲ್ಲಿ ದಪ್ಪ ಉಕ್ಕಿನ ಚೌಕಟ್ಟೊಂದನ್ನು ಕೂರಿಸುವ ವಾಡಿಕೆ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಆಸ್ಟ್ರೇಲಿಯಾದ ಒಳನಾಡಿನಲ್ಲಿ ಆಳವಾಗಿ ಬೇರೂರಿತು. ಬುಲ್ ಬಾರ್ ಎಂದೂ, ರಸ್ತೆಗೆ ಅಡ್ಡ ಬರುವ ಕಾಂಗರೂಗಳಿಂದಾಗಿ ರೂ ಬಾರ್ ಎಂದೂ ಕರೆಯಲ್ಪಡುವ ಈ ಚೌಕಟ್ಟಿನ ಬಗ್ಗೆ ನಡೆದ ಚರ್ಚೆಗಳಲ್ಲಿ ಹೆಚ್ಚಿನವು ಅದು ಎಷ್ಟು ದೊಡ್ಡ ಪ್ರಾಣಿಯ ಹೊಡೆತವನ್ನು ತಡೆದೀತು, ಎಷ್ಟು ದಪ್ಪದ ಕೊಳವೆಯಿಂದ ಮಾಡಿದರೆ ಬಾಳಿಕೆ ಬಂದೀತು ಎಂಬುದರ ಸುತ್ತಲೇ ಸುತ್ತಿವೆ. ಆದರೆ ಡಿಕ್ಕಿ ಎಂಬುದು ವಾಹನದ ಆಯುಷ್ಯದಲ್ಲಿ ಎಂದೋ ಒಮ್ಮೆ ಸಂಭವಿಸುವ ಘಟನೆಯಾದರೆ, ಚೌಕಟ್ಟಿನ ತೂಕವನ್ನು ಮುಂದಿನ ಸ್ಪ್ರಿಂಗುಗಳು ಪ್ರತಿದಿನವೂ ಪ್ರತಿ ಗುಂಡಿಯಲ್ಲೂ ಹೊರಬೇಕಾಗುತ್ತದೆ. ಬಾರ್ ಮಾಡುವವನ ಕಸುಬು ಮತ್ತು ಸ್ಪ್ರಿಂಗ್ ಮಾಡುವವನ ಕಸುಬು ಬಹುಕಾಲ ಒಂದನ್ನೊಂದು ಕೇಳದೆ ನಡೆದದ್ದೂ, ಕೊನೆಗೆ ಒಂದೇ ಲೆಕ್ಕದ ಎರಡು ಬದಿಗಳಾಗಿ ಕೂಡಿಬಂದದ್ದೂ ಈ ವಾಡಿಕೆಯ ನಿಜವಾದ ಚರಿತ್ರೆಯಾಗಿದೆ.

ವಾಹನದ ಮುಂದೆ ಕಾವಲು ಕಟ್ಟುವ ಯೋಚನೆ ಮೋಟಾರು ಯುಗಕ್ಕಿಂತ ಹಳೆಯದು. ರೈಲು ಎಂಜಿನ್ನಿನ ಮೂತಿಗೆ ಜೋಡಿಸಿ ಹಳಿಯ ಮೇಲಿನ ದನಕರುಗಳನ್ನು ಬದಿಗೆ ತಳ್ಳುವ ಕೌಕ್ಯಾಚರ್ ಎಂಬ ಸಾಧನ 1830ರ ದಶಕದಲ್ಲಿ ರೂಪುಗೊಂಡಿತು. ಗಣಕಯಂತ್ರದ ಕಲ್ಪನೆಗಾಗಿ ಹೆಸರಾದ ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ಅವರ ಹೆಸರೂ ಅದರೊಂದಿಗೆ ಕೇಳಿಬರುತ್ತದೆ. ಇಂಗ್ಲೆಂಡಿನಲ್ಲಿ ತಯಾರಾಗಿ ಅಮೆರಿಕದ ನ್ಯೂಜೆರ್ಸಿಗೆ 1831ರಲ್ಲಿ ಬಂದಿಳಿದ ಜಾನ್ ಬುಲ್ ಎಂಬ ಎಂಜಿನ್ನಿಗೆ ಮೆಕ್ಯಾನಿಕ್ ಐಸಾಕ್ ಡ್ರಿಪ್ಸ್ ಮಾಡಿದ ತಿದ್ದುಪಡಿ ಇಲ್ಲಿ ಗಮನಾರ್ಹವಾಗಿದೆ. ತಿರುವುಗಳಲ್ಲಿ ಎಂಜಿನ್ ಹಳಿ ತಪ್ಪದಂತೆ ಅದರ ಮುಂದೆ ಎರಡು ಚಿಕ್ಕ ಚಕ್ರಗಳ ಗಾಡಿಯೊಂದನ್ನು ಅವರು ಜೋಡಿಸಿದರು, ಮತ್ತು ದನ ತಳ್ಳುವ ಚೌಕಟ್ಟು ಆ ಪುಟ್ಟ ಗಾಡಿಯ ಮೇಲೆಯೇ ಕುಳಿತುಕೊಂಡಿತು. ಹೀಗೆ ರೈಲಿನಲ್ಲಿ ಕಾವಲಿನ ಭಾರಕ್ಕೆ ಅದರದೇ ಆದ ಚಕ್ರಗಳು ದೊರೆತವು. ರಸ್ತೆಯ ವಾಹನಕ್ಕೆ ಆ ಅನುಕೂಲವಿರಲಿಲ್ಲ. ಅಲ್ಲಿ ಮೂತಿಗೆ ಕಟ್ಟಿದ್ದೆಲ್ಲವನ್ನೂ ಮೊದಲೇ ಎಂಜಿನ್ನನ್ನು ಹೊತ್ತಿರುವ ಮುಂದಿನ ಅಚ್ಚೇ ಹೊರಬೇಕಾಯಿತು.

ಆ ಅಚ್ಚಿನ ಮೇಲೆ ಕುಳಿತ ಸ್ಪ್ರಿಂಗಿಗೂ ತನ್ನದೇ ಆದ ವಂಶಾವಳಿಯಿದೆ. ಉಕ್ಕಿನ ಪಟ್ಟಿಗಳನ್ನು ಬಿಲ್ಲಿನಂತೆ ಬಾಗಿಸಿ ಒಂದರ ಮೇಲೊಂದು ಜೋಡಿಸಿದ ಸ್ಪ್ರಿಂಗಿಗೆ ಕನ್ನಡ ನಾಡಿನ ಲಾರಿ ಗ್ಯಾರೇಜುಗಳಲ್ಲಿ ಕಮಾನುಪಟ್ಟಿ ಎಂಬ ಹೆಸರಿದೆ. ಇಂಥ ಎರಡು ಕಮಾನುಗಳನ್ನು ಎದುರುಬದುರಾಗಿ ಕೂಡಿಸಿದ ಕುದುರೆ ಸಾರೋಟಿನ ಸ್ಪ್ರಿಂಗಿಗೆ ಇಂಗ್ಲೆಂಡಿನ ಒಬಡಯಾ ಎಲಿಯಟ್ 1804ರಲ್ಲಿ ಪೇಟೆಂಟ್ ಪಡೆದರು. ಮೋಟಾರು ವಾಹನಗಳು ಹುಟ್ಟಿದಾಗ ಸಾರೋಟಿನ ಈ ಕಮಾನನ್ನೇ ಎರವಲು ಪಡೆದವು. ಫೋರ್ಡ್ ಕಂಪನಿ 1925ರ ಏಪ್ರಿಲ್ ತಿಂಗಳಲ್ಲಿ 281 ಡಾಲರ್ ಬೆಲೆಗೆ ಮಾರುಕಟ್ಟೆಗೆ ತಂದ ಮಾಡೆಲ್ ಟಿ ಪಿಕಪ್ಪಿನಲ್ಲಿ ಮುಂದಿನ ಅಚ್ಚಿನ ಮೇಲೆ ಅಡ್ಡಲಾಗಿ ಒಂದೇ ಒಂದು ಕಮಾನುಪಟ್ಟಿ ಇತ್ತು. ಪಟ್ಟಿಗಳು ಒಂದಕ್ಕೊಂದು ಉಜ್ಜುವುದರಿಂದ ಹುಟ್ಟುವ ಘರ್ಷಣೆಯೇ ಕುಲುಕಾಟವನ್ನು ಅಷ್ಟಿಷ್ಟು ಹಿಡಿದು ನಿಲ್ಲಿಸುತ್ತಿದ್ದ ಕಾಲವದು. ವಾಹನದ ವೇಗ ಕಡಿಮೆಯಿದ್ದು, ಬಂಪರೆಂಬುದು ಬೇಕಾದವರು ಹಾಕಿಸಿಕೊಳ್ಳುವ ತೆಳು ಪಟ್ಟಿಯಷ್ಟೇ ಆಗಿದ್ದುದರಿಂದ, ಅದರ ತೂಕವನ್ನು ಲೆಕ್ಕಕ್ಕೆ ಹಿಡಿಯುವ ಅಗತ್ಯ ಯಾರಿಗೂ ಬೀಳಲಿಲ್ಲ.

ಆಸ್ಟ್ರೇಲಿಯಾದಲ್ಲಿ ಪಿಕಪ್ಪಿಗೆ ಯೂಟ್ ಎಂಬ ಹೆಸರಿದೆ. ಭಾನುವಾರ ಚರ್ಚಿಗೆ ಹೋಗಲೂ ಸೋಮವಾರ ಹಂದಿಗಳನ್ನು ಸಂತೆಗೆ ಸಾಗಿಸಲೂ ಒದಗುವ ವಾಹನವೊಂದು ಬೇಕೆಂದು ವಿಕ್ಟೋರಿಯಾ ಪ್ರಾಂತ್ಯದ ರೈತ ಮಹಿಳೆಯೊಬ್ಬರು ಫೋರ್ಡ್ ಕಂಪನಿಗೆ ಪತ್ರ ಬರೆದರೆಂದೂ, ಅದಕ್ಕೆ ಉತ್ತರವಾಗಿ ಜೀಲಾಂಗ್ ಕಾರ್ಖಾನೆಯ ಯುವ ವಿನ್ಯಾಸಕ ಲೂಯಿಸ್ ಬ್ಯಾಂಟ್ 1934ರಲ್ಲಿ ಯೂಟನ್ನು ರೂಪಿಸಿದರೆಂದೂ ಅಲ್ಲಿನ ಮೋಟಾರು ಚರಿತ್ರೆ ಹೇಳುತ್ತದೆ. ಬೇಲಿಯಿಲ್ಲದ ವಿಶಾಲ ಹುಲ್ಲುಗಾವಲುಗಳು, ರಸ್ತೆಯ ಮೇಲೆಯೇ ಮಲಗುವ ದನಗಳು, ಸಂಜೆಯಿಂದ ಮುಂಜಾವಿನವರೆಗೆ ಚುರುಕಾಗಿ ಓಡಾಡುವ ಕಾಂಗರೂಗಳು ಆ ದೇಶದ ಒಳನಾಡಿನ ಪ್ರಯಾಣದ ನಿತ್ಯದ ಸಂಗತಿಗಳಾಗಿದ್ದವು. ಬೆಳೆದ ಗಂಡು ಕೆಂಪು ಕಾಂಗರೂ 85 ಕಿಲೋಗ್ರಾಮಿನಷ್ಟು ತೂಗಬಲ್ಲದು. ಹೆದ್ದಾರಿಯ ವೇಗದಲ್ಲಿ ಅಂಥ ಪ್ರಾಣಿ ಬಡಿದರೆ ರೇಡಿಯೇಟರ್ ಒಡೆದು, ಮುಂದಿನ ಊರು ನೂರಾರು ಕಿಲೋಮೀಟರ್ ದೂರವಿರುವ ಕಡೆ ಪ್ರಯಾಣಿಕರು ನೀರಿಲ್ಲದೆ ಸಿಕ್ಕಿಬೀಳುವ ಅಪಾಯವಿತ್ತು. ಕಾವಲು ಚೌಕಟ್ಟಿನ ಮುಖ್ಯ ಕೆಲಸ ರೇಡಿಯೇಟರನ್ನೂ ದೀಪಗಳನ್ನೂ ಉಳಿಸಿ ವಾಹನವನ್ನು ಊರು ಮುಟ್ಟಿಸುವುದಾಗಿತ್ತು.

ಈ ಅಗತ್ಯವನ್ನು ಮೊದಲು ಪೂರೈಸಿದವರು ಊರೂರಿನ ವೆಲ್ಡಿಂಗ್ ಕಸುಬಿನವರು. ನೀರಿನ ಕೊಳವೆಯನ್ನೋ ಉಕ್ಕಿನ ಚಾನೆಲನ್ನೋ ಕತ್ತರಿಸಿ, ಬೆಸೆದು, ಚಾಸಿಯ ಎರಡು ಉದ್ದ ತೊಲೆಗಳ ತುದಿಗೆ ಬೋಲ್ಟು ಬಿಗಿದರೆ ಕೆಲಸ ಮುಗಿಯುತ್ತಿತ್ತು. ಇದು ಅಷ್ಟು ಸುಲಭವಾದದ್ದಕ್ಕೆ ವಾಹನಗಳ ಕಟ್ಟಡವೇ ಕಾರಣವಾಗಿತ್ತು. ಸ್ನೋಯಿ ಪರ್ವತಗಳ ಜಲವಿದ್ಯುತ್ ಯೋಜನೆಯ ಕಾಮಗಾರಿಗಾಗಿ ಗುತ್ತಿಗೆದಾರ ಲೆಸ್ಲಿ ಥೀಸ್ 1950ರ ದಶಕದ ಕೊನೆಗೆ ಆಸ್ಟ್ರೇಲಿಯಾಕ್ಕೆ ತರಿಸಿದ ಟೊಯೋಟಾ ಲ್ಯಾಂಡ್ ಕ್ರೂಸರಿನಂಥ ವಾಹನಗಳಲ್ಲಿ ಏಣಿಯಾಕಾರದ ಚಾಸಿ, ಎರಡೂ ಕಡೆ ಇಡಿಯಾದ ಅಚ್ಚು, ನಾಲ್ಕೂ ಮೂಲೆಗಳಲ್ಲಿ ಒರಟು ಕಮಾನುಪಟ್ಟಿಗಳು ಇದ್ದವು. ಆ ಪಟ್ಟಿಗಳು ಮೊದಲೇ ಬಿಗಿಯಾಗಿದ್ದುದರಿಂದ ಮೂತಿಗೆ ಹೆಚ್ಚುವರಿ ಭಾರ ಬಿದ್ದರೂ ಹೆಚ್ಚು ಕುಸಿಯುತ್ತಿರಲಿಲ್ಲ; ಕುಸಿದರೆ ಕಟ್ಟಿಗೆ ಇನ್ನೊಂದು ಪಟ್ಟಿ ಸೇರಿಸುವುದು ಕಮ್ಮಾರನ ಕೈಗೆ ದಕ್ಕುವ ಕೆಲಸವಾಗಿತ್ತು. ಬಾರು ಮಾಡುವವನು ತೂಕದ ಗೊಡವೆಗೆ ಹೋಗದಿರುವ ರೂಢಿ ಇಲ್ಲಿಯೇ ನೆಲೆಗೊಂಡಿತು.

ತೂಕದ ಲೆಕ್ಕ ತಕ್ಕಡಿ ತೋರಿಸುವ ಅಂಕಿಯಷ್ಟಕ್ಕೇ ಮುಗಿಯುವುದಿಲ್ಲ. ಬಂಪರ್ ಮುಂದಿನ ಅಚ್ಚಿಗಿಂತಲೂ ಮುಂದೆ ಚಾಚಿಕೊಂಡಿರುವುದರಿಂದ, ಅದರ ಭಾರ ಮುಂದಿನ ಅಚ್ಚನ್ನು ಆನಿಕೆಯಾಗಿಸಿಕೊಂಡು ಹಿಂಭಾಗವನ್ನು ಮೇಲಕ್ಕೆತ್ತುತ್ತದೆ, ಮತ್ತು ಹಿಂದಿನ ಅಚ್ಚಿನಿಂದ ಇಳಿದ ಭಾರವೂ ಮುಂದಿನ ಅಚ್ಚಿನ ಪಾಲಿಗೇ ಬರುತ್ತದೆ. ವೀಲ್‌ಬೇಸ್, ಅಂದರೆ ಎರಡು ಅಚ್ಚುಗಳ ನಡುವಿನ ಅಂತರ, 3 ಮೀಟರ್ ಇರುವ ಪಿಕಪ್ಪಿಗೆ, ಅಚ್ಚಿನಿಂದ 90 ಸೆಂಟಿಮೀಟರ್ ಮುಂದೆ 80 ಕಿಲೋ ತೂಕದ ಬಾರ್ ಕೂರಿಸಿದರೆ ಹಿಂದಿನ ಅಚ್ಚು 24 ಕಿಲೋ ಕಳೆದುಕೊಂಡು, ಮುಂದಿನ ಅಚ್ಚಿನ ಮೇಲೆ 104 ಕಿಲೋ ಬೀಳುತ್ತದೆ. ಕೆಸರಿನಲ್ಲಿ ಹೂತ ವಾಹನವನ್ನು ಎಳೆಯುವ ವಿಂಚ್ ಎಂಬ ರಾಟೆಯನ್ನೂ ಅದರೊಳಗೆ ಕೂರಿಸಿ ಒಟ್ಟು ತೂಕ 120 ಕಿಲೋ ಆದರೆ, ಮುಂದಿನ ಅಚ್ಚಿನ ಹೊರೆ 156 ಕಿಲೋ ಹೆಚ್ಚುತ್ತದೆ. ಎರಡು ಮುಂದಿನ ಚಕ್ರಗಳ ಸ್ಪ್ರಿಂಗುಗಳು ಕೂಡಿ ಪ್ರತಿ 7 ಕಿಲೋ ಭಾರಕ್ಕೆ 1 ಮಿಲಿಮೀಟರ್ ತಗ್ಗುವಂಥವಾದರೆ, ಮೂತಿ ಸುಮಾರು 22 ಮಿಲಿಮೀಟರ್ ಕೆಳಗಿಳಿಯುತ್ತದೆ.

ನೋಡುವ ಕಣ್ಣಿಗೆ 22 ಮಿಲಿಮೀಟರ್ ಅತ್ಯಲ್ಪವೆನಿಸಿದರೂ ಸಸ್ಪೆನ್ಷನ್ನಿನ ಒಳಗೆ ಅದು ದೊಡ್ಡ ಮೊತ್ತ. ಚಕ್ರ ಮೇಲಕ್ಕೆ ಸರಿಯಲು ಇರುವ ಅವಕಾಶ 80 ಮಿಲಿಮೀಟರ್ ಆಗಿದ್ದರೆ, ವಾಹನ ನಿಂತಲ್ಲಿಯೇ ಅದರ ಕಾಲು ಭಾಗಕ್ಕಿಂತ ಹೆಚ್ಚು ಖರ್ಚಾಗಿಬಿಟ್ಟಿರುತ್ತದೆ. ಉಳಿದ ಅವಕಾಶ ಮುಗಿದೊಡನೆ ಸಸ್ಪೆನ್ಷನ್ನಿನ ತೋಳು ಬಂಪ್ ಸ್ಟಾಪ್ ಎಂಬ ರಬ್ಬರ್ ಗಟ್ಟಿಗೆ ಬಡಿಯುತ್ತದೆ. ಆ ಹೊಡೆತ ಸ್ಪ್ರಿಂಗನ್ನು ದಾಟಿ ನೇರವಾಗಿ ಚಾಸಿಗೆ ತಗಲುತ್ತದೆ. ಮುಂದಿನ ಚಕ್ರ ಬಿಚ್ಚಿ ನೋಡಿದರೆ ಈ ಕಥೆ ಕೈಗೆ ಸಿಗುವಷ್ಟು ಸ್ಪಷ್ಟವಾಗಿರುತ್ತದೆ: ರಬ್ಬರಿನ ತುದಿ ಚಪ್ಪಟೆಯಾಗಿ ಬಿರುಕು ಬಿಟ್ಟಿರುತ್ತದೆ, ಅದು ತಾಗುವ ಜಾಗದಲ್ಲಿ ತೋಳಿನ ಬಣ್ಣ ಹೋಗಿ ಲೋಹ ಹೊಳೆಯುತ್ತಿರುತ್ತದೆ, ಶಾಕ್ ಅಬ್ಸಾರ್ಬರಿನ ಸೀಲಿನ ಸುತ್ತ ಎಣ್ಣೆ ಜಿನುಗಿ ಧೂಳು ಮೆತ್ತಿರುತ್ತದೆ, ಟೈರಿನ ಒಂದು ಅಂಚು ಇನ್ನೊಂದಕ್ಕಿಂತ ಬೇಗ ಸವೆದಿರುತ್ತದೆ. ಮೂತಿ ತಗ್ಗಿದಾಗ ಚಕ್ರಗಳ ಓರೆಯೂ ದಿಕ್ಕೂ ಕಾರ್ಖಾನೆ ಹೊಂದಿಸಿದ ಅಳತೆಯಿಂದ ಸರಿಯುವುದು ಟೈರಿನ ಈ ಸವೆತಕ್ಕೆ ಕಾರಣವಾಗುತ್ತದೆ, ಮತ್ತು ಮೂತಿ ತಗ್ಗಿದ್ದರಿಂದಲೇ ಹೆಡ್‌ಲೈಟಿನ ಬೆಳಕೂ ರಸ್ತೆಯಲ್ಲಿ ಹತ್ತಿರಕ್ಕೆ ಬೀಳತೊಡಗುತ್ತದೆ.

ವಾಹನದ ತುದಿಗಳಲ್ಲಿ ಕುಳಿತ ತೂಕ ಅದರ ಓಟದ ಸ್ವಭಾವವನ್ನೇ ಬದಲಿಸುತ್ತದೆಂಬುದು ಬುಲ್ ಬಾರಿನ ಕಾಲಕ್ಕಿಂತ ಬಹಳ ಮೊದಲೇ ಪ್ರಯೋಗದಿಂದ ಸಾಬೀತಾಗಿತ್ತು. ರೋಲ್ಸ್-ರಾಯ್ಸ್ ಬಿಟ್ಟು 1930ರಲ್ಲಿ ಅಮೆರಿಕದ ಜನರಲ್ ಮೋಟರ್ಸ್ ಸೇರಿದ ಎಂಜಿನಿಯರ್ ಮಾರಿಸ್ ಆಲಿ, ಕ್ಯಾಡಿಲಾಕ್ ವಿಭಾಗದಲ್ಲಿ ವಿಚಿತ್ರವಾದೊಂದು ಪರೀಕ್ಷಾ ಕಾರನ್ನು ಕಟ್ಟಿಸಿದರು. ಅದರ ಮುಂದೆಯೂ ಹಿಂದೆಯೂ ಚಾಚಿದ ಚೌಕಟ್ಟುಗಳಲ್ಲಿ ಭಾರದ ತುಂಡುಗಳನ್ನು ಇಟ್ಟು, ಅವನ್ನು ಒಳಕ್ಕೂ ಹೊರಕ್ಕೂ ಸರಿಸುವ ಏರ್ಪಾಡಿತ್ತು. ಒಟ್ಟು ತೂಕ ಅಷ್ಟೇ ಇದ್ದರೂ ಅದು ಮಧ್ಯದಿಂದ ದೂರ ಸರಿದಂತೆಲ್ಲ ಕಾರು ಮೂತಿ ಎತ್ತಿ ಇಳಿಸುವ ತೂಗಾಟ ನಿಧಾನವಾಗುತ್ತಿತ್ತು. ಒಮ್ಮೆ ಹಿಡಿದ ತೂಗಾಟವನ್ನು ನಿಲ್ಲಿಸುವುದೂ ಅಷ್ಟೇ ಕಷ್ಟವಾಗುತ್ತಿತ್ತು. ಮುಂದಿನ ಚಕ್ರ ಉಬ್ಬನ್ನು ಮೊದಲು ಏರಿ ಹಿಂದಿನ ಚಕ್ರ ತುಸು ತಡವಾಗಿ ಏರುವುದರಿಂದ, ಮುಂದಿನ ಸ್ಪ್ರಿಂಗುಗಳು ಹಿಂದಿನವಕ್ಕಿಂತ ಮೃದುವಾಗಿದ್ದರೆ ಎರಡೂ ತುದಿಗಳ ಏರಿಳಿತ ಬೇಗನೆ ಸರಿಹೊಂದಿ ಕಾರು ಮಟ್ಟಸವಾಗಿ ಓಡುತ್ತದೆಂಬ ತತ್ವವನ್ನು ಆಲಿ ಮಂಡಿಸಿದರು. ಇಡಿಯಾದ ಅಚ್ಚಿಗೆ ಅಷ್ಟು ಮೃದುವಾದ ಕಮಾನುಪಟ್ಟಿ ಹಾಕಿದರೆ ಸ್ಟಿಯರಿಂಗ್ ನಡುಗುತ್ತಿದ್ದುದರಿಂದ, ಎಡಬಲದ ಚಕ್ರಗಳು ಬೇರೆ ಬೇರೆಯಾಗಿ ಏರಿಳಿಯುವ ಸ್ವತಂತ್ರ ಮುಂಗಡ ಸಸ್ಪೆನ್ಷನ್ ಜನರಲ್ ಮೋಟರ್ಸ್‌ನ 1934ರ ಕಾರುಗಳಲ್ಲಿ ಬಳಕೆಗೆ ಬಂದಿತು.

ಕಾರುಗಳಿಗೆ ಬಂದ ಈ ಮೃದುತನ ಪಿಕಪ್ಪುಗಳಿಗೆ ಬರಲು ಕಾಲು ಶತಮಾನ ಹಿಡಿಯಿತು. ಷೆವ್ರೊಲೆ ತನ್ನ 1960ರ ಪಿಕಪ್ಪುಗಳಿಗೆ ಟಾರ್ಷನ್ ಬಾರ್ ಎಂಬ, ತಿರುಚಿದಾಗ ಮರಳಿ ಬಿಚ್ಚಿಕೊಳ್ಳುವ ಉಕ್ಕಿನ ಸರಳುಗಳನ್ನು ಆಧರಿಸಿದ ಸ್ವತಂತ್ರ ಸಸ್ಪೆನ್ಷನ್ ಕೊಟ್ಟು, 1963ರಲ್ಲಿ ಅದನ್ನು ಬಿಟ್ಟು ಸುರುಳಿ ಸ್ಪ್ರಿಂಗಿಗೆ ಬದಲಾಯಿತು. ಫೋರ್ಡ್ 1965ರಲ್ಲಿ ಎರಡು ತೂಗು ತೊಲೆಗಳ ಟ್ವಿನ್ ಐ-ಬೀಮ್ ವ್ಯವಸ್ಥೆಯನ್ನು ತಂದಿತು. ಒಳನಾಡಿನ ರೈತರ ನೆಚ್ಚಿನ ಟೊಯೋಟಾ ಹೈಲಕ್ಸಿನ ನಾಲ್ಕು ಚಕ್ರ ಚಾಲನೆಯ ಮಾದರಿ ಕೂಡ ಇಡಿ ಅಚ್ಚನ್ನೂ ಕಮಾನುಪಟ್ಟಿಯನ್ನೂ ಬಿಟ್ಟು ಟಾರ್ಷನ್ ಬಾರಿಗೂ, 2005ರ ಪೀಳಿಗೆಯಲ್ಲಿ ಸುರುಳಿ ಸ್ಪ್ರಿಂಗಿಗೂ ಸಾಗಿತು. ಪ್ರತಿ ಹೆಜ್ಜೆಯಲ್ಲಿಯೂ ಸವಾರಿ ಹಿತವಾಯಿತು, ಆದರೆ ಮೂತಿಯ ಮೇಲಿನ ಅನಾಮಿಕ ಭಾರವನ್ನು ಸದ್ದಿಲ್ಲದೆ ಹೊರುವ ಹಳೆಯ ಒರಟುತನ ಕಡಿಮೆಯಾಯಿತು. ಬಾರಿನ ತೂಕ ಇದ್ದಷ್ಟೇ ಇದ್ದು ಅದನ್ನು ಹೊರುವ ಸ್ಪ್ರಿಂಗ್ ಮೃದುವಾದಾಗ, ಅಲ್ಲಿಯವರೆಗೆ ಮರೆಯಲ್ಲಿದ್ದ ಸಮಸ್ಯೆ ಕಣ್ಣಿಗೆ ಬಿದ್ದಿತು.

ಗ್ಯಾರೇಜುಗಳು ಇದಕ್ಕೆ ಹುಡುಕಿದ ಮೊದಲ ಪರಿಹಾರಗಳು ಎತ್ತರವನ್ನು ಮಾತ್ರ ಮರಳಿಸಿದವು. ಟಾರ್ಷನ್ ಬಾರಿನ ತುದಿಯ ಬೋಲ್ಟನ್ನು ಬಿಗಿಮಾಡಿದರೆ ಮೂತಿ ಮೇಲೇಳುತ್ತದೆ; ಸುರುಳಿ ಸ್ಪ್ರಿಂಗಿನ ಮೇಲೆ ಸ್ಪೇಸರ್ ಎಂಬ ದಪ್ಪ ಬಿಲ್ಲೆಯನ್ನು ಇಟ್ಟರೂ ಏಳುತ್ತದೆ. ಆದರೆ ಇವೆರಡರಿಂದಲೂ ಸ್ಪ್ರಿಂಗಿನ ಬಿಗುವು, ಅಂದರೆ ಒಂದು ಮಿಲಿಮೀಟರ್ ತಗ್ಗಲು ಬೇಕಾದ ಭಾರ, ಬದಲಾಗುವುದಿಲ್ಲ. ಭಾರ ಹೆಚ್ಚಿ ಬಿಗುವು ಹಿಂದಿನಷ್ಟೇ ಉಳಿದುದರಿಂದ ಬ್ರೇಕ್ ಒತ್ತಿದಾಗ ಮೂತಿ ಮುಗ್ಗರಿಸುವುದು ನಿಲ್ಲುವುದಿಲ್ಲ; ಬೋಲ್ಟನ್ನು ಅತಿಯಾಗಿ ಬಿಗಿದರೆ ಗುಂಡಿಯಲ್ಲಿ ಚಕ್ರ ಕೆಳಗಿಳಿಯಲು ಇರುವ ಅವಕಾಶ ಕುಗ್ಗಿ, ಮೇಲಿನ ತೋಳಿನ ಬಾಲ್ ಜಾಯಿಂಟಿಗೂ ಚಕ್ರ ತಿರುಗಿಸುವ ದಂಡದ ಕೀಲುಗಳಿಗೂ ಅವು ಒಗ್ಗದ ಕೋನದಲ್ಲಿ ಕೆಲಸ ಮಾಡುವ ಸ್ಥಿತಿ ಬರುತ್ತದೆ. ನಿಜವಾಗಿಯೂ ಬಿಗುವು ಹೆಚ್ಚಿರುವ ಸ್ಪ್ರಿಂಗ್ ಹಾಕಿಸಿಯೂ ಹಳೆಯ ಶಾಕ್ ಅಬ್ಸಾರ್ಬರನ್ನೇ ಉಳಿಸಿಕೊಂಡರೆ ಇನ್ನೊಂದು ತೊಡಕು ಎದುರಾಗುತ್ತದೆ. ಶಾಕ್ ಅಬ್ಸಾರ್ಬರಿನ ಕೆಲಸ ಭಾರ ಹೊರುವುದಲ್ಲ, ಎಣ್ಣೆಯನ್ನು ಕಿರಿದಾದ ರಂಧ್ರಗಳ ಮೂಲಕ ದಾಟಿಸಿ ಸ್ಪ್ರಿಂಗಿನ ಪುಟಿತವನ್ನು ಹಿಡಿದು ನಿಲ್ಲಿಸುವುದು. ಭಾರವೂ ಬಿಗುವೂ ಎರಡೂ ಹೆಚ್ಚಿದಾಗ ಮೊದಲಿನ ಹಿಡಿತ ಸಾಲದೆ ಮೂತಿ ಒಂದು ಉಬ್ಬಿನ ನಂತರ ಎರಡು ಮೂರು ಬಾರಿ ತೂಗಾಡುತ್ತದೆ.

ಮೆಲ್ಬರ್ನ್ ನಗರದಲ್ಲಿ 1975ರಲ್ಲಿ ಆಂಥನಿ ರೊನಾಲ್ಡ್ ಬ್ರೌನ್ ಸ್ಥಾಪಿಸಿದ, ಅವರ ಹೆಸರಿನ ಮೊದಲಕ್ಷರಗಳನ್ನೇ ಹೊತ್ತ ಎಆರ್‌ಬಿ ಸಂಸ್ಥೆಯ ಬೆಳವಣಿಗೆ ಈ ಎರಡು ಕಸುಬುಗಳ ಕೂಡಿಕೆಗೆ ಒಳ್ಳೆಯ ನಿದರ್ಶನವಾಗಿದೆ. ಬುಲ್ ಬಾರ್ ಮತ್ತು ರೂಫ್ ರ‍್ಯಾಕ್‌ಗಳಿಂದ ಹೆಸರಾದ ಆ ಸಂಸ್ಥೆ ಓಲ್ಡ್ ಮ್ಯಾನ್ ಎಮು ಎಂಬ ಹೆಸರಿನ ಸಸ್ಪೆನ್ಷನ್ನನ್ನೂ ತನ್ನ ತೆಕ್ಕೆಗೆ ತೆಗೆದುಕೊಂಡಿತು. ಒಂದೇ ಮಾದರಿಯ ಪಿಕಪ್ಪಿಗೆ ಬಾರ್ ಇಲ್ಲದಿದ್ದಾಗ ಒಂದು, ಬಾರ್ ಇದ್ದಾಗ ಮತ್ತೊಂದು, ಬಾರೂ ವಿಂಚೂ ಇದ್ದಾಗ ಇನ್ನೊಂದು ಎಂಬಂತೆ ಭಾರಕ್ಕೆ ತಕ್ಕ ಸ್ಪ್ರಿಂಗನ್ನೂ ಅದಕ್ಕೆ ಹೊಂದುವ ಶಾಕ್ ಅಬ್ಸಾರ್ಬರನ್ನೂ ಆಯ್ದುಕೊಳ್ಳುವ ಪದ್ಧತಿ ಈ ವ್ಯಾಪಾರದಲ್ಲಿ ನೆಲೆಗೊಂಡಿತು. ಇನ್ನೊಂದು ಕಡೆಯಿಂದ ಭಾರವನ್ನೇ ಇಳಿಸುವ ಪ್ರಯತ್ನವೂ ಸಾಗಿತು: ಉಕ್ಕಿನ ಜೊತೆಗೆ ಅಲ್ಯೂಮಿನಿಯಂ ಮತ್ತು ಗಟ್ಟಿ ಪ್ಲಾಸ್ಟಿಕ್ಕಿನ ಬಾರುಗಳು ಬಂದವು, ವಿಂಚಿನ ಉಕ್ಕಿನ ಹಗ್ಗದ ಬದಲು ಕೃತಕ ನಾರಿನ ಹಗುರ ಹಗ್ಗ ಬಂದಿತು. ಹಾಗಿದ್ದರೂ ಸ್ಪ್ರಿಂಗ್ ಬದಲಿಸಿದ ಮಾತ್ರಕ್ಕೆ ವಾಹನದ ಹೊರುವ ಮಿತಿ ತಾನಾಗಿ ಹೆಚ್ಚುವುದಿಲ್ಲ. ಪ್ರತಿ ಅಚ್ಚಿಗೂ ಇಡೀ ವಾಹನಕ್ಕೂ ತಯಾರಕರು ನಿಗದಿಪಡಿಸಿದ ಗರಿಷ್ಠ ತೂಕವಿರುತ್ತದೆ. ಮೂತಿಗೆ ಸೇರಿಸಿದ ಪ್ರತಿ ಕಿಲೋವೂ ಹಿಂದಿನ ತೊಟ್ಟಿಯಲ್ಲಿ ಸಾಗಿಸಬಹುದಾದ ಸರಕಿನಿಂದ ಕಳೆದುಹೋಗುತ್ತದೆ.

ಕಾನೂನು ಈ ಚೌಕಟ್ಟನ್ನು ಕಂಡದ್ದು ಬೇರೆ ಬೇರೆ ದಿಕ್ಕುಗಳಿಂದ. ಅಮೆರಿಕದಲ್ಲಿ 1973ರ ಮಾದರಿಗಳಿಂದ ಜಾರಿಗೆ ಬಂದ ಬಂಪರ್ ನಿಯಮ ಕಾರುಗಳ ಮುಂಭಾಗ ಗಂಟೆಗೆ 5 ಮೈಲಿ ವೇಗದ ಹೊಡೆತವನ್ನು ತಾಳಬೇಕೆಂದು ವಿಧಿಸಿತು, ಆದರೆ ಪಿಕಪ್ಪುಗಳನ್ನು ಅದರಿಂದ ಹೊರಗಿಟ್ಟಿತು. ಅದರ ಫಲವಾಗಿ ಪಿಕಪ್ಪಿನ ಬಂಪರ್ ಚಾಸಿಗೆ ಬೋಲ್ಟು ಬಿಗಿದ ಸರಳ ಉಕ್ಕಿನ ಹಲಗೆಯಾಗಿಯೇ ಮುಂದುವರಿದು, ಅದನ್ನು ಬಿಚ್ಚಿ ಭಾರಿ ಬಂಪರ್ ಕೂರಿಸುವ ವಾಡಿಕೆಗೆ ಅಲ್ಲಿಯೂ ದಾರಿ ತೆರೆದೇ ಇದ್ದಿತು. 1990ರ ದಶಕದಲ್ಲಿ ಏರ್‌ಬ್ಯಾಗ್ ಸಾಮಾನ್ಯವಾಗುತ್ತಿದ್ದಂತೆ, ವಾಹನದ ವೇಗ ಹಠಾತ್ತನೆ ಇಳಿಯುವುದನ್ನು ಗ್ರಹಿಸಿ ಅರಳುವ ಆ ಚೀಲವನ್ನು ಬಿಗಿಯಾದ ಬಾರ್ ದಾರಿ ತಪ್ಪಿಸಬಹುದೆಂಬ ಆತಂಕ ಹುಟ್ಟಿ, ಹೊಡೆತಕ್ಕೆ ಹದವಾಗಿ ಮಡಿಯುವ ಹಿಡಿಕೆಗಳ ವಿನ್ಯಾಸ ಅನಿವಾರ್ಯವಾಯಿತು. ಆಸ್ಟ್ರೇಲಿಯಾ 2002ರಲ್ಲಿ ಮುಂಗಡ ರಕ್ಷಣಾ ಚೌಕಟ್ಟುಗಳಿಗಾಗಿ ಎಎಸ್ 4876.1 ಎಂಬ ಮಾನಕವನ್ನು ಪ್ರಕಟಿಸಿತು. ಯುರೋಪಿಯನ್ ಒಕ್ಕೂಟ ಪಾದಚಾರಿಗಳ ಸುರಕ್ಷತೆಯನ್ನು ಮುಂದಿಟ್ಟು 2005ರ ನಿರ್ದೇಶನದ ಮೂಲಕ ಗಡಸು ಬಾರುಗಳಿಗೆ ಕಡಿವಾಣ ಹಾಕಿತು.

ಭಾರತದಲ್ಲಿ ಇದೇ ಚೌಕಟ್ಟು ಬುಲ್ ಬಾರ್, ಕ್ರ್ಯಾಶ್ ಗಾರ್ಡ್ ಎಂಬ ಹೆಸರುಗಳಲ್ಲಿ ಹರಡಿತು. ಕಾಂಗರೂ ಇಲ್ಲದ, ನಗರದ ಇಕ್ಕಟ್ಟಿನಲ್ಲಿ ಪಾದಚಾರಿಗಳೂ ದ್ವಿಚಕ್ರ ಸವಾರರೂ ವಾಹನದ ಮೂತಿಗೆ ತಾಗಿಕೊಂಡೇ ಸಾಗುವ ಈ ದೇಶದಲ್ಲಿ ಅದು ರಕ್ಷಣೆಗಿಂತ ಹೆಚ್ಚಾಗಿ ಗತ್ತಿನ ಗುರುತಾಯಿತು. ಕೇಂದ್ರದ ರಸ್ತೆ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲಿ ರಾಜ್ಯಗಳಿಗೆ ಪತ್ರ ಬರೆದು, ಇಂಥ ಚೌಕಟ್ಟುಗಳು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿಗೆ ವಿರುದ್ಧವೆಂದೂ ಅವುಗಳ ವಿರುದ್ಧ ಕ್ರಮ ಕೈಗೊಳ್ಳಬೇಕೆಂದೂ ಸೂಚಿಸಿತು. ಆ ಕಲಮು ವಾಹನದ ನೋಂದಣಿ ಪತ್ರದಲ್ಲಿರುವ ವಿವರಗಳಿಗೂ ತಯಾರಕರ ಮೂಲ ವಿನ್ಯಾಸಕ್ಕೂ ಹೊಂದದ ಮಾರ್ಪಾಡುಗಳನ್ನು ನಿಷೇಧಿಸುತ್ತದೆ. ಪಾದಚಾರಿ ಮತ್ತು ಪ್ರಯಾಣಿಕರ ಸುರಕ್ಷತೆ ಆ ಸೂಚನೆಯ ಹಿಂದಿನ ಕಾಳಜಿಯಾಗಿದ್ದರೂ, ಮೂಲ ವಿನ್ಯಾಸವೆಂಬ ಮಾತಿನೊಳಗೆ ಸ್ಪ್ರಿಂಗು, ಬ್ರೇಕು, ಅಚ್ಚಿನ ತೂಕದ ಮಿತಿ ಇವೆಲ್ಲವೂ ಅಡಕವಾಗಿವೆ.

ಈ ಚರಿತ್ರೆಯನ್ನು ಒಟ್ಟಾಗಿ ನೋಡಿದಾಗ, ಬುಲ್ ಬಾರನ್ನು ಸಾರಾಸಗಟಾಗಿ ಹೊಗಳುವುದಾಗಲಿ ಹಳಿಯುವುದಾಗಲಿ ನ್ಯಾಯವಾಗಲಾರದು. ಪ್ರಾಣಿಗಳು ಅಡ್ಡ ಬರುವ ನಿರ್ಜನ ದಾರಿಗಳಲ್ಲಿ ಅದು ಅಗತ್ಯದಿಂದ ಹುಟ್ಟಿದ ಸಾಧನ. ಆ ಅಗತ್ಯವಿಲ್ಲದ ಕಡೆ ಅದು ಮುಂದಿನ ಅಚ್ಚಿಗೆ ಹೊರಿಸಿದ ದಂಡದ ಭಾರ. ಕಾನೂನು ಅದಕ್ಕೆ ಅವಕಾಶ ಕೊಟ್ಟಿರುವ ದೇಶಗಳಲ್ಲಿ ಕೂಡ, ಬಾರ್ ಕೊಳ್ಳುವ ಮೊದಲು ವಾಹನವನ್ನು ವೇಬ್ರಿಡ್ಜಿಗೆ ಒಯ್ದು ಮುಂದಿನ ಅಚ್ಚನ್ನು ಪ್ರತ್ಯೇಕವಾಗಿ ತೂಗಿಸಿ, ತಯಾರಕರ ಮಿತಿಗೆ ಇನ್ನೆಷ್ಟು ಉಳಿದಿದೆಯೆಂದು ತಿಳಿದುಕೊಂಡು, ಬಾರು, ಸ್ಪ್ರಿಂಗು, ಶಾಕ್ ಅಬ್ಸಾರ್ಬರುಗಳನ್ನು ಒಟ್ಟಿಗೇ ಆರಿಸುವುದು ಈ ಚರಿತ್ರೆ ಕಲಿಸುವ ಕ್ರಮವಾಗಿದೆ. ಉಳಿದಿರುವ ಅವಕಾಶ ಬಾರಿನ ತೂಕಕ್ಕೆ ಸಾಲದೆಂದು ಕಂಡಲ್ಲಿ ಕಾರ್ಖಾನೆಯ ಬಂಪರನ್ನು ಹಾಗೆಯೇ ಬಿಡುವುದು ಲೇಸು.